ಊರೆಲ್ಲ ತೆರೆದಿದೆ, ನಮ್ಮ ಮನೆಗೆ ಮಾತ್ರ ಲಾಕ್‌ಡೌನ್: ಈ ವಾರ ನೀವೆಲ್ಲ ಹೇಗೆ ಸಂಭಾಳಿಸ್ತಿದ್ದೀರಿ?

ಹನುಮಂತನಗರದ ಅಪ್ಪ | ಸೋಮವಾರ, 7 ಫೆಬ್ರವರಿ 2022, ರಾತ್ರಿ

ಎಲ್ಲರಿಗೂ ನಮಸ್ಕಾರ. ಸಲಹೆ ಬೇಕು. ಜೊತೆಗೆ ಸ್ವಲ್ಪ ಗೊಣಗಾಟವೂ ಇದೆ, ಸಹಿಸಿಕೊಳ್ಳಿ.

ಜನವರಿ 6ಕ್ಕೆ ಮುಚ್ಚಿದ ಬೆಂಗಳೂರಿನ ಶಾಲೆಗಳು 31ಕ್ಕೆ ತೆರೆದವಲ್ಲ, ಎರಡನೇ ಕ್ಲಾಸಿನ ಮಗಳು ಒಂದು ವಾರ ಖುಷಿಯಾಗಿ ಹೋಗಿಬಂದಳು. ನಿನ್ನೆ ರಾತ್ರಿ ಟಿವಿಯಲ್ಲಿ ಲತಾ ಮಂಗೇಶ್ಕರ್ ಅಂತ್ಯಸಂಸ್ಕಾರ ನೋಡ್ತಾ ಕೂತಿದ್ದಾಗ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಮೆಸೇಜು ಬಿತ್ತು. ಸೆಕ್ಷನ್ನಿನ ಇಬ್ಬರು ಮಕ್ಕಳಿಗೆ ಕೊರೋನಾ ಪಾಸಿಟಿವ್, ಈ ಸೆಕ್ಷನ್ನಿಗೆ ಮಾತ್ರ ಒಂದು ವಾರ ಆನ್‌ಲೈನ್, ಮಕ್ಕಳನ್ನು ಹೊರಗೆ ಬಿಡಬೇಡಿ. ಈ ಸಲ ಕೇಸು ಬಂದ ತರಗತಿಯನ್ನಷ್ಟೇ ಮುಚ್ಚಿ, ಇಡೀ ಶಾಲೆ ಬೇಡ ಅಂತ ಸರ್ಕಾರವೇ ಹೇಳಿದೆ. ಅದಕ್ಕೆ ನನ್ನ ತಕರಾರೇನಿಲ್ಲ. ಆದರೆ ಎಲ್ಲ ಮುಚ್ಚಿದ್ದಾಗ ಆಫೀಸಿನಲ್ಲಿ "ಮಗು ಮನೇಲಿದೆ" ಅಂದರೆ ಎಲ್ಲರೂ ಹೂಂ ಅನ್ನೋರು, ಅವರ ಮನೆಯಲ್ಲೂ ಅದೇ ಪಾಡಾಗಿತ್ತು. ಈಗ ಹಾಗಂದರೆ "ಸ್ಕೂಲು ಶುರುವಾಯ್ತಲ್ಲ ಸಾರ್?" ಅಂತಾರೆ.

ಮನೆ ಲೆಕ್ಕ ಹೀಗಿದೆ. ಹೆಂಡತಿಗೆ ಬ್ಯಾಂಕಿನಲ್ಲಿ ಕೌಂಟರ್ ಕೆಲಸ, ಹೋಗಲೇಬೇಕು. ಇದ್ದಬದ್ದ ರಜೆಯೆಲ್ಲ ಹೋದ ವರ್ಷದ ಎರಡನೇ ಅಲೆಗೇ ಮುಗಿದಿದೆ. ನನ್ನದು ಸಾಫ್ಟ್‌ವೇರ್ ಸಪೋರ್ಟು, ವರ್ಕ್ ಫ್ರಮ್ ಹೋಮ್. ಮಗ ಒಂಬತ್ತನೇ ಕ್ಲಾಸು, ಅವನ ಶಾಲೆ ಬೇರೆ. ನಮ್ಮಮ್ಮನಿಗೆ 71, ಬಿಪಿ, ಶುಗರ್ ಎರಡೂ ಇದೆ. ಬೂಸ್ಟರ್ ಹೋದ ತಿಂಗಳ ಕೊನೆಗೆ ಆಯ್ತು.

ತಮಾಷೆ ಏನಂದ್ರೆ, ಮಗಳನ್ನು ನೋಡಿಕೊಳ್ಳೋದು ನಮ್ಮಮ್ಮ. ಮಧ್ಯಾಹ್ನ ವ್ಯಾನಿನಿಂದ ಇಳಿಸಿಕೊಳ್ಳೋದರಿಂದ ಹಿಡಿದು ರಾತ್ರಿ ಪಕ್ಕದಲ್ಲಿ ಮಲಗಿಸಿಕೊಳ್ಳೋವರೆಗೆ ಎಲ್ಲ ಅವರೇ. ಈಗ ನೋಡಿಕೊಳ್ಳೋ ಅಜ್ಜಿಯನ್ನೇ ಮೊಮ್ಮಗಳಿಂದ ಕಾಪಾಡಬೇಕು! ಇವತ್ತು ರಥಸಪ್ತಮಿ ಬೇರೆ. ಅಮ್ಮ ನಿನ್ನೆಯೇ ಎಕ್ಕದ ಎಲೆ ತರಿಸಿಟ್ಟಿದ್ದರು, ಪ್ರತಿ ವರ್ಷ ಅವರೇ ಮೊಮ್ಮಗಳಿಗೆ ಎರೆಯೋದು. ಈ ಸಲ ರೂಮಿನ ಬಾಗಿಲ ಸಂದಿಯಿಂದಲೇ ನನಗೆ ಡೈರೆಕ್ಷನ್ನು. "ತಲೆ ಮೇಲೊಂದು, ಹೆಗಲಿಗೆರಡು, ಮಂಡಿಗೆರಡು, ಪಾದಕ್ಕೆರಡು. ಒಣಗಿದ್ದು ಬೇಡ ಕಣೋ, ಹಸಿರುದು ಇಡು." ಏಳನೇ ಎಲೆ ಇಡೋ ಹೊತ್ತಿಗೆ ಮೊದಲನೇದು ಜಾರಿ ಬಕೆಟ್ಟಿಗೆ ಬಿದ್ದಿತ್ತು, ಎಂಟೂವರೆಯ ಮೀಟಿಂಗಿಗೆ ಮೂರು ಜನ ಕಾಯ್ತಿದ್ದರು. ಇಯರ್‌ಫೋನ್ ಹಾಕಿಕೊಂಡು ಮ್ಯೂಟ್‌ನಲ್ಲೇ ಎರೆದು ಮುಗಿಸಿದೆ.

ಎರಡು ಬೆಡ್‌ರೂಮಿನ ಮನೆ. ನನ್ನ ಆಫೀಸು ಯುಟಿಲಿಟಿಯಲ್ಲಿ, ವಾಷಿಂಗ್ ಮೆಷಿನ್ ಮೇಲೆ ಲ್ಯಾಪ್‌ಟಾಪು. ಆ ಕಡೆ ಕ್ಲೈಂಟು "ರೂಟ್ ಕಾಸ್ ಏನು" ಅಂತಿದ್ದರೆ ಈ ಕಡೆ ನಾನು ಕುಕ್ಕರ್ ಕೂಗು ಎಣಿಸ್ತಿರ್ತೀನಿ. ಬೇಳೆಗೆ ನಾಲ್ಕು.

ಕೇಳಬೇಕಾದ್ದು ಇಷ್ಟು. ಅಜ್ಜಿ ಮಾಸ್ಕ್ ಹಾಕಿಕೊಂಡು ಒಂದರ್ಧ ಗಂಟೆ ಮಗು ಹತ್ತಿರ ಕೂತರೆ ಪರವಾಗಿಲ್ಲವಾ? ಆನ್‌ಲೈನ್ ಕ್ಲಾಸಿಗೆ ಏಳು ವರ್ಷದ ಮಗು ಒಂದೇ ಕೂರೋದು ನಿಮ್ಮ ಮನೆಗಳಲ್ಲಿ ಸಾಧ್ಯವಾಗಿದೆಯಾ? ಗಂಡ ಹೆಂಡತಿ ಇಬ್ಬರೂ ದುಡಿಯೋ ಮನೆಯಲ್ಲಿ ಹೊತ್ತು ಹೇಗೆ ಹಂಚಿಕೊಳ್ತೀರಿ?

ವಿಜಯನಗರ ಶಾರದೆ | ಸೋಮವಾರ ರಾತ್ರಿ

ಬೇಜಾರು ಮಾಡ್ಕೋಬೇಡಿ, ಓದಿ ನಗು ಬಂತು. ಇದನ್ನೇ ನಾನು ಬರೆದಿದ್ರೆ ಯಾರೂ ಪೂರ್ತಿ ಓದ್ತಿರಲಿಲ್ಲ. ಅಪ್ಪ ಕುಕ್ಕರ್ ಕೂಗು ಎಣಿಸಿದ್ರೆ ಅದು ಕಥೆ, ಅಮ್ಮ ಎಣಿಸಿದ್ರೆ ಅದು ಅಡುಗೆ.

ಸರಿ, ಉಪಯೋಗಕ್ಕೆ ಬರೋದು ಹೇಳ್ತೀನಿ. ನಾನೂ ಐಟಿ, ಯಜಮಾನರೂ ಐಟಿ. ಮೊದಲ ವರ್ಷ ಬಾಗಿಲಿರೋ ರೂಮು ಅವರದು, ಡೈನಿಂಗ್ ಟೇಬಲ್ ನನ್ನದು. ಮಗ ಬಂದು ಅಲ್ಲಾಡಿಸೋದು ಯಾರನ್ನ ಹೇಳಿ? ಈಗ ವಾರ ಬಿಟ್ಟು ವಾರ ರೂಮು ಬದಲಾಯಿಸ್ತೀವಿ. ಬೋಲ್ಟ್ ಹಾಕಿಕೊಳ್ಳೋ ಹಕ್ಕು ಕೈ ಬದಲಾದ ಮೇಲೇ ನಮ್ಮ ಮನೆಯಲ್ಲಿ ಹೊತ್ತು ಹಂಚಿಕೆ ಆಗಿದ್ದು. ಅದಕ್ಕೆ ಮುಂಚೆ ಬರೀ "ಏನಾದ್ರೂ ಬೇಕಾದ್ರೆ ಕರಿ" ಅನ್ನೋ ಮಾತು ಮಾತ್ರ ಇತ್ತು.

ನಿಮ್ಮ ಹೆಂಡತಿ ಸಂಜೆ ಬಂದ ಮೇಲೆ ನೀವು ಮಗಳ ಕೆಲಸದಿಂದ ಪೂರ್ತಿ ಕೈತೊಳ್ಕೊಳ್ತೀರಾ, ಇಲ್ಲ ಅವರಿಗೂ ಒಂದು ಗಂಟೆ ಉಸಿರಾಡೋಕೆ ಬಿಡ್ತೀರಾ? ಸುಮ್ನೆ ಕೇಳಿದೆ.

ಹಳೇ ಬೆಂಗಳೂರಿಗ | ಮಂಗಳವಾರ ಬೆಳಿಗ್ಗೆ

ಏನಪ್ಪಾ ಈಗಿನವರು. ನಮ್ಮ ತಾಯಿ ಏಳು ಮಕ್ಕಳನ್ನ ಸಾಕಿದ್ರು. ದಡಾರ, ಅಮ್ಮ, ಮಂಗನಬಾವು ಒಂದಾದ ಮೇಲೊಂದು. ಬಾಗಿಲಿಗೆ ಬೇವಿನಸೊಪ್ಪು ಕಟ್ಟೋರು, ಅಷ್ಟೆ, ಮೂರು ವಾರ ಯಾರೂ ಒಳಗೆ ಬರ್ತಿರಲಿಲ್ಲ. ನೀವಿರೋ ಕಡೆಯಿಂದ ಕೂಗಳತೆಯಲ್ಲಿರೋ ಬಸವನಗುಡಿ ಬಡಾವಣೆ ಹುಟ್ಟಿದ್ದೇ 1898ರ ಪ್ಲೇಗ್ ಆದಮೇಲೆ, ಮಲ್ಲೇಶ್ವರವೂ ಹಾಗೇ. ಪೇಟೆಯ ಇಕ್ಕಟ್ಟು ಬಿಟ್ಟು ಜನ ಗಾಳಿ ಬೆಳಕಿಗೆ ಬರಲಿ ಅಂತ ಮಾಡಿದ್ದು. ಊರು ಇಂಥದ್ದನ್ನ ಕಂಡಿದೆ. ಒಂದು ವಾರಕ್ಕೆ ಇಷ್ಟು ಗಲಾಟೆ ಯಾಕೆ?

ವಿಜಯನಗರ ಶಾರದೆ | ಮಂಗಳವಾರ ಬೆಳಿಗ್ಗೆ

ಅಂಕಲ್, ನಿಮ್ಮ ತಾಯಿಯವರಿಗೆ ದೊಡ್ಡ ನಮಸ್ಕಾರ. ಆದರೆ ಏಳು ಮಕ್ಕಳನ್ನ ಅವರೊಬ್ಬರೇ ಸಾಕಿರಲಾರರು. ಅತ್ತೆ, ನಾದಿನಿ, ಪಕ್ಕದ ಮನೆಯವರು, ಎಲ್ಲಕ್ಕಿಂತ ಹೆಚ್ಚಾಗಿ ನಿಮ್ಮ ದೊಡ್ಡಕ್ಕ ಇದ್ದಿರಬೇಕು. ದೊಡ್ಡಕ್ಕನ ಶಾಲೆ ಎಷ್ಟನೇ ಕ್ಲಾಸಿಗೆ ನಿಂತಿತು ಅಂತ ಒಮ್ಮೆ ಕೇಳಿ ನೋಡಿ.

ಹಳೇ ಬೆಂಗಳೂರಿಗ | ಮಂಗಳವಾರ ಬೆಳಿಗ್ಗೆ

ಆರನೇ ಕ್ಲಾಸಿಗೆ. ಸರಿ ತಾಯಿ, ಒಪ್ಪಿದೆ.

ಬನಶಂಕರಿ ಮಕ್ಕಳ ಡಾಕ್ಟ್ರು | ಮಂಗಳವಾರ ಮಧ್ಯಾಹ್ನ

ಓಪಿಡಿ ಮಧ್ಯೆ ಬರೀತಿದ್ದೀನಿ, ಚುಟುಕಾಗಿ ಹೇಳ್ತೀನಿ. ಲಕ್ಷಣ ಇಲ್ಲದಿದ್ದರೆ ಮಗುವಿಗೆ ಟೆಸ್ಟ್ ಬೇಡ. ಐಸಿಎಂಆರ್ (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ) ಜನವರಿ 10ರ ಸೂಚನೆ ಪ್ರಕಾರ ಸಂಪರ್ಕಿತರಲ್ಲಿ 60 ದಾಟಿದವರಿಗೆ, ಬಿಪಿ, ಶುಗರ್ ಇರುವವರಿಗೆ ಟೆಸ್ಟ್, ಉಳಿದವರು ಲಕ್ಷಣ ಬಂದರೆ ಮಾತ್ರ. ಏಳು ವರ್ಷದ ಮಗು ದೊಡ್ಡವರ ಕಣ್ಣೆದುರು ಮಾಸ್ಕ್ ಹಾಕಿಕೊಳ್ಳಬಹುದು. ಐದು ಮತ್ತು ಅದಕ್ಕಿಂತ ಚಿಕ್ಕವರಿಗೆ ಬೇಡ ಅಂತ ಕೇಂದ್ರದ ಮಾರ್ಗಸೂಚಿಯೇ ಹೇಳುತ್ತೆ.

ಅಜ್ಜಿ ಜೊತೆ ಕೂರಬೇಕು ಅಂದರೆ ಬಾಲ್ಕನಿಯಲ್ಲಿ, ಇಬ್ಬರಿಗೂ ಮಾಸ್ಕ್, ನಡುವೆ ಎರಡು ಕುರ್ಚಿ ಜಾಗ. ಮುಚ್ಚಿದ ರೂಮಿನಲ್ಲಿ ಫ್ಯಾನ್ ಹಾಕಿಕೊಂಡು ಕೂತರೆ ಮಾಸ್ಕ್ ಇದ್ದೂ ಅಷ್ಟಕ್ಕಷ್ಟೆ. ಒಂದೇ ಹಾಸಿಗೆಯಲ್ಲಿ ಮಲಗೋದು ಮಾತ್ರ ಸದ್ಯಕ್ಕೆ ಬಿಡಿ.

ಹುಬ್ಬಳ್ಳಿಯಾಕಿ | ಮಂಗಳವಾರ ಸಂಜೆ

ಅಣ್ಣಾರ, ಇದು ಭಾಳ ತ್ರಾಸಿನ ಕೆಲಸ ನೋಡ್ರಿ. ನಮ್ಮ ಅತ್ತಿಯವರೂ ಇಲ್ಲೇ ಮತ್ತೀಕೆರ್‍ಯಾಗ ನಮ್ಮ ಜೋಡಿ ಅದಾರ. ಹ್ವಾದ ತಿಂಗಳ ನನ್ನ ಮಗಗ ಬಂದಿತ್ತು, ಅವರನ್ನ ಹೊರಗಿನ ಖೋಲ್ಯಾಗ ಕುಂಡ್ರಿಸಿದ್ವಿ. ಮೊದಲನೇ ದಿನ "ನನ್ನ ಮುಟ್ಟಬಾರದ್ದಾಕಿ ಮಾಡಿದ್ರಿ" ಅಂತ ಕಣ್ಣಾಗ ನೀರು ತಂದ್ರು. ಎಷ್ಟ ತಿಳಿಸಿ ಹೇಳಿದ್ರೂ ತೆಲಿಗೆ ಹೋಗ್ಲಿಲ್ಲ.

ಹ್ವಾದ ವರ್ಷ ಏಪ್ರಿಲ್‌ದಾಗ ನಮ್ಮ ಮಾವಾರಿಗೆ ಒಂದು ಬೆಡ್ ಸಲುವಾಗಿ 1912 ಸಹಾಯವಾಣಿಗೆ ಫೋನ್ ಹಚ್ಚಿ ಹಚ್ಚಿ ಸಾಕಾಗಿತ್ರಿ. ಬೆಡ್ ಸಿಗಾಕ ಬೇಕಾದ ಬಿಯು ನಂಬರ್ (ಪೇಷಂಟ್ ನಂಬರ್) ಬರೂತನಾ ಮನ್ಯಾಗ ಯಾರೂ ಮಾತಾಡ್ಲಿಲ್ಲ. ಅದನ್ನ ಕಂಡಾರಿಗೆ ಈಗಿನ ಜ್ವರ ಸಣ್ಣದ ಅನ್ನಸ್ತೈತಿ ಖರೇ, ಆದ್ರ ಅಂಜಿಕಿ ಇನ್ನೂ ಹಂಗ ಐತಿ. ನಿಮ್ಮ ತಾಯಿಯವರಿಗೆ ಕೆಲಸ ಏನರ ಕೊಡ್ರಿ. ಬಳ್ಳೊಳ್ಳಿ ಸುಲಿಯೋದು, ಸೊಪ್ಪು ಸೋಸೋದು. ಸುಮ್ಮ ಕುಂತ್ರ ಮನಸಿಗೆ ಹಚಗೋತಾರ.

ಹನುಮಂತನಗರದ ಅಪ್ಪ | ಮಂಗಳವಾರ ರಾತ್ರಿ

ಎಲ್ಲರಿಗೂ ಥ್ಯಾಂಕ್ಸ್. ಶಾರದೆಯವರೇ, ಆ ಪ್ರಶ್ನೆಯನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ಏನೂ ಹೇಳಲಿಲ್ಲ, ಫೋನ್ ಇಸ್ಕೊಂಡು ನಿಮ್ಮ ಪೋಸ್ಟಿಗೆ ಲೈಕ್ ಒತ್ತಿದಳು.

ಎರಡು ಸುದ್ದಿ ಇದೆ. ಒಂದು, ನಾಳೆಯಿಂದ ಮೂರು ದಿನ ಹೈಸ್ಕೂಲು, ಕಾಲೇಜಿಗೆ ರಜೆ ಅಂತ ಮುಖ್ಯಮಂತ್ರಿಗಳು ಘೋಷಿಸಿದ್ದಾರೆ, ಕಾರಣ ಬೇರೆ. ಅಂದರೆ ಮಗನೂ ಮನೆಗೆ ಬಂದ. ಗುರುವಾರ ಅವನ ಶಾಲೆಯಲ್ಲೇ ಕೋವ್ಯಾಕ್ಸಿನ್ ಎರಡನೇ ಡೋಸ್ ಇತ್ತು, ಅದೂ ಮುಂದಕ್ಕೆ ಹೋಯ್ತು. ಎರಡನೇದು, ಮಗಳಿಗೆ ಸಂಜೆಯಿಂದ ಮೈ ಬಿಸಿ, 101. ಮೆಡಿಕಲ್ ಶಾಪಿನಿಂದ ಕಿಟ್ ತಂದು ಮನೆಯಲ್ಲೇ ನೋಡಿದೆ. ಒಂದೇ ಗೆರೆ, ನೆಗೆಟಿವ್. ನಿಟ್ಟುಸಿರು ಬಿಡಬಹುದಾ ಡಾಕ್ಟ್ರೇ?

ಬನಶಂಕರಿ ಮಕ್ಕಳ ಡಾಕ್ಟ್ರು | ಮಂಗಳವಾರ ರಾತ್ರಿ

ಬೇಡ. ಕಿಟ್‌ನಲ್ಲಿ ಪಾಸಿಟಿವ್ ಬಂದರೆ ನಂಬಿ. ಲಕ್ಷಣ ಇದ್ದು ನೆಗೆಟಿವ್ ಬಂದರೆ ಆರ್‌ಟಿಪಿಸಿಆರ್ ಮಾಡಿಸಲೇಬೇಕು, ಕಿಟ್‌ನ ನಿಯಮವೂ ಅದೇ. ನಾಳೆ ಬೆಳಿಗ್ಗೆ ನಿಮ್ಮ ವಾರ್ಡಿನ ಪಿಎಚ್‌ಸಿಗೆ ಕರೆದುಕೊಂಡು ಹೋಗಿ ಸ್ವ್ಯಾಬ್ ಕೊಡಿ, ದುಡ್ಡಿಲ್ಲ. ಅಮ್ಮನದನ್ನೂ ಅಲ್ಲೇ ಕೊಡಿಸಿ.

ಜ್ವರಕ್ಕೆ ಪ್ಯಾರಸಿಟಮಾಲ್. ಲೆಕ್ಕ ವಯಸ್ಸಿನ ಮೇಲಲ್ಲ, ತೂಕದ ಮೇಲೆ. ಒಂದು ಕೆಜಿಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ. 20 ಕೆಜಿ ಮಗುವಿಗೆ 200ರಿಂದ 300. ಇಲ್ಲಿ ಎಲ್ಲರೂ ಎಡವೋದು ಬಾಟಲಿಯಲ್ಲಿ. ಅಂಗಡಿಯಲ್ಲಿ 5 ಎಂಎಲ್‌ಗೆ 120 ಇರೋ ಸಿರಪ್ಪೂ ಸಿಗುತ್ತೆ, 250 ಇರೋದೂ ಸಿಗುತ್ತೆ, ಬಣ್ಣ ಒಂದೇ ಥರ. ಲೇಬಲ್ ಓದಿ, ಅಡುಗೆಮನೆ ಚಮಚ ಬಿಟ್ಟು ಬಾಟಲಿ ಜೊತೆ ಬರೋ ಮುಚ್ಚಳದಲ್ಲಿ ಅಳೆಯಿರಿ. ಎರಡು ಡೋಸ್ ನಡುವೆ ಕಡಿಮೆ ಅಂದರೂ ನಾಲ್ಕು ಗಂಟೆ ಇರಲಿ. ಆಂಟಿಬಯೋಟಿಕ್ ಯಾರು ಹೇಳಿದರೂ ನಿಮ್ಮಷ್ಟಕ್ಕೆ ನೀವೇ ಶುರು ಮಾಡಬೇಡಿ.

ಉಸಿರು ಜೋರಾದರೆ, ನೀರೂ ಕುಡಿಯದೆ ಹೋದರೆ, ಎಬ್ಬಿಸಿದರೂ ಮಂಪರಲ್ಲೇ ಇದ್ದರೆ, ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ ಫೋರಂ ಮುಚ್ಚಿ, ಆಸ್ಪತ್ರೆಗೆ ಹೊರಡಿ. ಪುಟ್ಟ ಬೆರಳಿಗೆ ಆಕ್ಸಿಮೀಟರ್ ಸರಿಯಾಗಿ ಕೂರಲ್ಲ, ಹೆಬ್ಬೆರಳಿಗೆ ಹಾಕಿ. ಕೈ ತಣ್ಣಗಿದ್ದರೆ ಉಜ್ಜಿ ಬಿಸಿ ಮಾಡಿ ಆಮೇಲೆ ನೋಡಿ.

ನಿರ್ವಾಹಕರು | ಬುಧವಾರ ಬೆಳಿಗ್ಗೆ

ಮೂರು ದಿನದ ರಜೆಯ ಹಿಂದಿನ ಹಿಜಾಬ್ ವಿವಾದದ ಬಗ್ಗೆ ಬಂದ ಹದಿನೈದಿಪ್ಪತ್ತು ಪ್ರತಿಕ್ರಿಯೆಗಳನ್ನು ಇಲ್ಲಿಂದ ತೆಗೆದಿದ್ದೇವೆ. ಅದಕ್ಕೆ ಬೇರೆ ಎಳೆ ಇದೆ. ಇಲ್ಲಿ ಮಕ್ಕಳು, ಮನೆ, ಕೆಲಸ ಅಷ್ಟೇ.

ಸರ್ಕಾರಿ ಶಾಲೆ ಟೀಚರ್ | ಬುಧವಾರ ಸಂಜೆ

ಆನ್‌ಲೈನ್ ಕ್ಲಾಸಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡ್ತೀನಿ. ಏಳು ವರ್ಷದ ಮಗು ಒಂದೇ ಕೂರಲ್ಲ. ನನ್ನ ಮಗನೂ ಕೂರಲ್ಲ, ನಾನು ಟೀಚರಾಗಿದ್ದೂ. ನೆನಪಿದೆಯಾ, 2020ರ ಜೂನ್‌ನಲ್ಲಿ ಇದೇ ಸರ್ಕಾರ ಐದನೇ ತರಗತಿವರೆಗೆ ಆನ್‌ಲೈನ್ ಪಾಠವೇ ಬೇಡ ಅಂತ ನಿಷೇಧ ಹಾಕಿತ್ತು. ಪೋಷಕರು ಹೈಕೋರ್ಟಿಗೆ ಹೋದರು, ಜುಲೈನಲ್ಲಿ ಅದಕ್ಕೆ ತಡೆ ಬಂತು. ಕೋರ್ಟಿನ ಮಾತು ಸರಿಯೇ ಇತ್ತು, ಪಾಠ ಬೇಕು ಅನ್ನೋರನ್ನ ತಡೆಯೋಕೆ ಆಗಲ್ಲ. ಆದರೆ ಆ ಪಾಠಕ್ಕೆ ಪಕ್ಕದಲ್ಲಿ ಯಾರು ಕೂರಬೇಕು ಅನ್ನೋದನ್ನ ಆಗಲೂ ಯಾರೂ ಹೇಳಲಿಲ್ಲ, ಈಗಲೂ ಹೇಳಿಲ್ಲ.

ಅದೇ ವರ್ಷ ಆಗಸ್ಟಿನಲ್ಲಿ ನಾವು ವಿದ್ಯಾಗಮ ಮಾಡಿದ್ವಿ. ಮಕ್ಕಳಿರೋ ಕಡೆಗೇ ಹೋಗಿ ದೇವಸ್ಥಾನದ ಜಗುಲಿ, ಮರದ ನೆರಳು, ಸಿಕ್ಕಲ್ಲಿ ಪಾಠ. ನನ್ನ ವೃತ್ತಿಯಲ್ಲಿ ಅಷ್ಟು ಚೆನ್ನಾಗಿ ಮಕ್ಕಳ ಮನೆ ಕಂಡಿದ್ದು ಆಗಲೇ. ಶಿಕ್ಷಕರಿಗೆ, ಮಕ್ಕಳಿಗೆ ಸೋಂಕು ಅನ್ನೋ ಸುದ್ದಿ ಬಂದು ಅಕ್ಟೋಬರಿನಲ್ಲಿ ನಿಲ್ಲಿಸಿಬಿಟ್ಟರು.

ನನ್ನ ಸಲಹೆ ಕೇಳ್ತೀರಾದ್ರೆ, ಈ ವಾರ ಕ್ಲಾಸು ಅರ್ಧ ತಪ್ಪಿದರೂ ತಪ್ಪಲಿ ಬಿಡಿ. ಜ್ವರ ಬಿಟ್ಟ ಮೇಲೆ ಮಗಳ ಕೈಲಿ ದಿನಾ ಒಂದು ಪುಟ ಓದಿಸಿ, ಹಾಲಿನ ಲೆಕ್ಕ ಬರೆಸಿ. ಎರಡನೇ ಕ್ಲಾಸಿಗೆ ಧಾರಾಳವಾಯ್ತು. ನಿಮ್ಮ ಶಾಲೆಯವರು ನನ್ನನ್ನ ಬೈಯಬಹುದು.

ಇನ್ನೊಂದು ಮಾತು. ರಾಜ್ಯ ಸರ್ಕಾರಿ ನೌಕರಿಯಲ್ಲಿರೋ ಹೆಂಗಸರಿಗೆ ಹೋದ ವರ್ಷದಿಂದ ಶಿಶುಪಾಲನಾ ರಜೆ ಸಿಕ್ಕಿದೆ, ಇಡೀ ಸೇವೆಯಲ್ಲಿ 180 ದಿನ. ದೊಡ್ಡ ಉಪಕಾರ, ನಾನೇ ಬಳಸಿದ್ದೀನಿ. ಆದರೆ ನಮ್ಮ ಶಾಲೆಯಲ್ಲೇ ಇರೋ ಮೇಷ್ಟ್ರಿಗೆ, ಅವರ ಹೆಂಡತಿ ಖಾಸಗಿ ಆಸ್ಪತ್ರೆಯಲ್ಲಿ ನರ್ಸು, ಆ ರಜೆ ಇಲ್ಲ. ಮಗು ಅಂದ್ರೆ ಅಮ್ಮ ಅಂತ ಆದೇಶದಲ್ಲೇ ಬರೆದಿಟ್ಟ ಮೇಲೆ ಆಫೀಸಿನವರನ್ನ ಏನು ಅನ್ನೋದು?

ಲಗ್ಗೆರೆ ಲಕ್ಷ್ಮಿ | ಬುಧವಾರ ರಾತ್ರಿ

ನಾನು ಇಲ್ಲಿ ಬರೆಯೋದು ಕಮ್ಮಿ, ಓದ್ತಾ ಇರ್ತೀನಿ. ಗಾರ್ಮೆಂಟ್ಸಲ್ಲಿ ಟೈಲರು. ನಮಗೆ ಮನೆಯಿಂದ ಕೆಲಸ ಅನ್ನೋದೇ ಇಲ್ಲ. ಮಿಷನ್ನು ಫ್ಯಾಕ್ಟ್ರೀಲಿದೆ.

ಜನವರೀಲಿ ಸ್ಕೂಲು ಮುಚ್ಚಿದಾಗ ದೊಡ್ಡವಳು ನಾಲ್ಕನೇ ಕ್ಲಾಸು, ಚಿಕ್ಕವನಿಗೆ ನಾಲ್ಕು ವರ್ಷ. ಫೋನು ಒಂದೇ. ಲೈನಲ್ಲಿ ಫೋನು ಇಟ್ಕೊಳಂಗಿಲ್ಲ, ಹಂಗಾಗಿ ಮನೇಲೇ ಬಿಟ್ಟು ಹೋಗ್ತಿದ್ದೆ, ಅದೊಂದು ಅನುಕೂಲ. ದಿನಕ್ಕೆ ಒಂದೂವರೆ ಜಿಬಿ. ಅದ್ರಲ್ಲಿ ಅವಳ ಪಾಠ, ಇವನ ಕಾರ್ಟೂನು. ಮಧ್ಯಾಹ್ನದ ಹೊತ್ತಿಗೆ ಖಾಲಿ. ಟಿವಿಲಿ ಚಂದನದ ಸಂವೇದ ಪಾಠ ಹಾಕ್ಕೊಡು ಅಂತ ಎದುರು ಮನೆ ಅಜ್ಜಿಗೆ ಹೇಳಿ ಹೋಗ್ತಿದ್ದೆ. ಅವರು ಧಾರಾವಾಹಿಗೆ ತಿರುಗಿಸ್ತಿದ್ರು ಅಂತ ಮಗಳು ದೂರು ಹೇಳ್ತಿದ್ಲು.

ಫ್ಯಾಕ್ಟ್ರೀಲಿ ಮಕ್ಕಳ ಮನೆ ಇರಬೇಕು ಅಂತ ಕಾನೂನೇ ಇದೆಯಂತೆ, ಮೂವತ್ತಕ್ಕಿಂತ ಜಾಸ್ತಿ ಹೆಂಗಸರಿದ್ರೆ, ಆರು ವರ್ಷದೊಳಗಿನ ಮಕ್ಕಳಿಗೆ. ನಮ್ಮಲ್ಲೂ ಇತ್ತು, ತೊಟ್ಟಿಲು, ಆಯಾ ಎಲ್ಲ. ಕೊರೋನಾ ಬಂದಾಗ ಬೀಗ ಹಾಕಿದ್ದು ಇನ್ನೂ ತೆಗೆದಿಲ್ಲ. ಮಿಷನ್ನು ಮಾತ್ರ ಎಲ್ಲಾ ಓಡ್ತಿದಾವೆ. ಸ್ಕೂಲು ಮುಚ್ಚಿದ್ರೆ ಬಿಸಿಯೂಟನೂ ಇಲ್ಲ, ಅಕ್ಕಿ ಬೇಳೆ ಆಮೇಲೆ ಕೊಡ್ತಾರೆ. ಮಧ್ಯಾಹ್ನ ಅದನ್ನ ಬೇಯ್ಸೋಕೆ ಮನೇಲಿ ಯಾರಿದ್ದಾರೆ? ಬೆಳಿಗ್ಗೆ ಐದಕ್ಕೆ ಎದ್ದು ಚಿತ್ರಾನ್ನ ಕಲಸಿಟ್ಟು ಹೋಗೋದು.

ಸಾರ್, ನಿಮ್ಮ ಮಗಳಿಗೆ ಬೇಗ ಹುಷಾರಾಗ್ಲಿ. ಗಂಗಮ್ಮನಿಗೆ ಒಂದು ಕಾಯಿ ಒಡೀತೀನಿ.

ಹನುಮಂತನಗರದ ಅಪ್ಪ | ಗುರುವಾರ ರಾತ್ರಿ

ಲಕ್ಷ್ಮಿಯವರೇ, ನಿಮ್ಮ ಮಾತಿಗೆ ತುಂಬಾ ಥ್ಯಾಂಕ್ಸ್. ಬೇರೇನು ಬರೆಯಬೇಕೋ ತೋಚುತ್ತಿಲ್ಲ.

ರಿಪೋರ್ಟು ಬಂತು. ಮಗಳು ಪಾಸಿಟಿವ್, ಅಮ್ಮ ನೆಗೆಟಿವ್. ಪಾಲಿಕೆಯಿಂದ ಒಬ್ಬ ಹುಡುಗಿ ಫೋನ್ ಮಾಡಿದ್ದಳು. ಜ್ವರ ಎಷ್ಟು, ಮನೆಯಲ್ಲಿ ಎಷ್ಟು ಜನ, ಬೇರೆ ಟಾಯ್ಲೆಟ್ ಇದೆಯಾ ಅಂತ ಪಟಪಟ ಕೇಳಿದಳು. ಗಂಟಲು ಒಣಗಿತ್ತು ಪಾಪ. ಸ್ವ್ಯಾಬ್ ಕೊಟ್ಟ ದಿನದಿಂದ ಏಳು ದಿನ, ಕೊನೆಯ ಮೂರು ದಿನ ಜ್ವರ ಇರಬಾರದು.

ಹೆಂಡತಿಗೆ ಬ್ಯಾಂಕಿನವರು ಮನೆಯಲ್ಲೇ ಇರಿ ಅಂದಿದ್ದಾರೆ. ಅವಳೂ ಮಗಳೂ ದೊಡ್ಡ ರೂಮಿನಲ್ಲಿ, ಅಮ್ಮ ಚಿಕ್ಕ ರೂಮಿನಲ್ಲಿ, ನಾನೂ ಮಗನೂ ಹಾಲ್‌ನಲ್ಲಿ. ಹೀಗೆ ಮನೆ ಮೂರು ಪಾಲಾದ ಮೇಲೆ ವಿಚಿತ್ರ ಅಂದರೆ ಕೆಲಸ ಹಗುರಾಯ್ತು. "ನಾನು ಒಂದು ನಿಮಿಷ ನೋಡ್ಕೋತೀನಿ, ನೀನು ಕಾಲ್ ಮುಗಿಸು" ಅನ್ನೋ ಕ್ಷಣಕ್ಷಣದ ಚೌಕಾಸಿ ನಿಂತಿತು. ರೂಮಿನ ಒಳಗಿನದೆಲ್ಲ ಅವಳದು, ಹೊರಗಿನದೆಲ್ಲ ನನ್ನದು. ಜ್ವರ ಬಂದ ಮೇಲಲ್ಲ, ಸೋಮವಾರವೇ ಹೀಗೊಂದು ಗೆರೆ ಬೇಕಿತ್ತು. ಮ್ಯಾನೇಜರಿಗೆ ಬೆಳಿಗ್ಗೆ 11ರಿಂದ 1 ಮತ್ತು ಸಂಜೆ 6ರಿಂದ 8 ನಾನು ಸಿಗಲ್ಲ ಅಂತ ಬರೆದು ಹಾಕಿದೆ, ಕಾರಣ ಬರೆಯಲಿಲ್ಲ. ಕಾರಣ ಬರೆದಾಗಲೆಲ್ಲ "ಮಿಸೆಸ್ ಇಲ್ವಾ?" ಅಂತ ಬರ್ತಿತ್ತು. ಈ ಸಲ "ಓಕೆ" ಅಂತಷ್ಟೇ ಬಂತು.

ಮಗ ಮೂರು ದಿನ ರಜೆ ಸಿಕ್ಕ ಖುಷಿಯಲ್ಲಿ ದೋಸೆ ಹಾಕೋದು ಕಲಿತಿದ್ದಾನೆ. ಆಕಾರ ಕೇಳಬೇಡಿ.

ಮಗಳಿಗೆ ಜ್ವರ ಇವತ್ತು ಇಳೀತು, ಇಳಿದದ್ದೇ ಬೋರಾಯ್ತು. ಅಮ್ಮ ಒಂದು ಉಪಾಯ ಹುಡುಕಿದ್ದಾರೆ. ವಿಡಿಯೋ ಕಾಲ್‌ನಲ್ಲಿ ಚೌಕಾಬಾರ. ಮಣೆ, ಕವಡೆ ಎಲ್ಲ ಅಜ್ಜಿ ಹತ್ತಿರ. ಇಬ್ಬರ ಕವಡೆಯನ್ನೂ ಅಜ್ಜಿಯೇ ಹಾಕೋದು, ಫೋನು ಬಗ್ಗಿಸಿ ತೋರಿಸೋದು. "ಅಜ್ಜಿ, ಅದು ಚೌಕ ಅಲ್ಲ, ಒಂದು ಬೋರಲು ಬಿದ್ದಿದೆ, ನಂಗೆ ಕಾಣ್ತಿದೆ!" ಅಂತ ಆ ರೂಮಿನಿಂದ ಕೂಗಿದ್ದು ನನ್ನ ಕಾಲ್‌ನಲ್ಲಿದ್ದ ಎಲ್ಲರಿಗೂ ಕೇಳಿಸಿತು. ಅಮ್ಮ ಮೋಸ ಮಾಡ್ತಿದ್ದದ್ದು ನಿಜ, ನಾನೇ ನೋಡಿದೆ.

ಒಂದು ಬೇಜಾರು. ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಫ್ಲ್ಯಾಟ್ ನಂಬರ್ ಸಮೇತ ಹಾಕಿದ್ದಾರೆ. ಲಿಫ್ಟ್ ಬಳಸಬೇಡಿ ಅಂತ ಬೇರೆ. ನಮ್ಮ ಮನೆಗೆಲಸದಾಕೆಯನ್ನು ಬೇರೆ ಮನೆಗಳಿಗೂ ಬಿಡ್ತಿಲ್ಲ. ಅವಳು ಸೋಮವಾರದಿಂದ ನಮ್ಮ ಮನೆಗೆ ಕಾಲೇ ಇಟ್ಟಿಲ್ಲ.

ಸಿ ಬ್ಲಾಕ್ ಸೆಕ್ರೆಟರಿ | ಶುಕ್ರವಾರ ಬೆಳಿಗ್ಗೆ

ನಾನು ಬೇರೆ ಅಪಾರ್ಟ್‌ಮೆಂಟಿನ ಸೆಕ್ರೆಟರಿ, ಎರಡು ವರ್ಷದಿಂದ ಎರಡೂ ಕಡೆಯಿಂದ ಬೈಸಿಕೊಳ್ತಿರೋನು. ನಂಬರ್ ಹಾಕದೆ ಹೋದ್ರೆ "ಮುಚ್ಚಿಟ್ರಿ" ಅಂತಾರೆ, ಹಾಕಿದ್ರೆ "ಮಾನ ಕಳೆದ್ರಿ" ಅಂತಾರೆ. ನಾವು ಈಗ ಫ್ಲೋರ್ ಮಾತ್ರ ಹೇಳ್ತೀವಿ. 2020ರ ಜುಲೈ ನೆನಪಿರಬೇಕಲ್ಲ. ಬೆಂಗಳೂರಲ್ಲೇ ಎರಡು ಫ್ಲ್ಯಾಟಿನ ಬಾಗಿಲಿಗೆ ತಗಡಿನ ಶೀಟು ಬಡಿದು ಸೀಲ್‌ಡೌನ್ ಮಾಡಿದ್ರು, ಒಂದರಲ್ಲಿ ಪುಟ್ಟ ಮಕ್ಕಳ ತಾಯಿ ಇದ್ದರು. ಫೋಟೋ ಊರೆಲ್ಲ ಸುತ್ತಿ, ಪಾಲಿಕೆ ಆಯುಕ್ತರೇ ಕ್ಷಮೆ ಕೇಳಿ ತೆಗೆಸಿದ್ರು. ಅಲ್ಲಿಂದ ನಾವು ಇಷ್ಟು ದೂರ ಬಂದಿದ್ದೀವಿ ಅನ್ನೋದೂ ನಿಜ.

ಮನೆಗೆಲಸದಾಕೆ ವಿಷಯ ಮಾತ್ರ ಅನ್ಯಾಯ. ಸೋಮವಾರದಿಂದ ಬಂದಿಲ್ಲ ಅಂತ ಗೇಟಿನ ರಿಜಿಸ್ಟರ್ ತೋರಿಸಿ. ನಿಮ್ಮ ಕಮಿಟಿಗೆ ಬರೆಯುವಾಗ ಅವಳ ಸಂಬಳ ನೀವು ಹಿಡೀತಿಲ್ಲ ಅನ್ನೋದನ್ನೂ ಬರೆಯಿರಿ, ಬೇರೆಯವರಿಗೂ ನಾಚಿಕೆ ಆಗಲಿ.

ಲಗ್ಗೆರೆ ಲಕ್ಷ್ಮಿ | ಶುಕ್ರವಾರ ರಾತ್ರಿ

ಹಿಡೀತಿಲ್ಲ ತಾನೇ ಸಾರ್?

ಹನುಮಂತನಗರದ ಅಪ್ಪ | ಶುಕ್ರವಾರ ರಾತ್ರಿ

ಇಲ್ಲ ಲಕ್ಷ್ಮಿಯವರೇ. ಫೋನ್‌ಪೇ ಮಾಡಿದ್ದಾಯ್ತು, ಸ್ಕ್ರೀನ್‌ಶಾಟ್ ಬೇಕಾದರೂ ಹಾಕ್ತೀನಿ.

ವಿಜಯನಗರ ಶಾರದೆ | ಶನಿವಾರ ಮಧ್ಯಾಹ್ನ

ಕಾರಣ ಬರೆಯದೆ ಹೊತ್ತು ಬ್ಲಾಕ್ ಮಾಡೋದು ನಿಮಗೆ ನಡೆಯಿತು ಅಂತ ಕೇಳಿ ಸಂತೋಷ. ನಾನು ಹಾಗೆ ಮಾಡಿದಾಗ "ಎಲ್ಲಾ ಸರಿ ಇದೆಯಾ, ಮಗು ಹೇಗಿದೆ?" ಅಂತಲೇ ಉತ್ತರ ಬಂತು. ಕಾಳಜಿಯಿಂದಲೇ ಕೇಳಿದ್ದು, ಇಲ್ಲ ಅನ್ನಲ್ಲ. ಆದರೆ ಅಪ್ರೈಸಲ್ ಹೊತ್ತಿಗೆ ಆ ಕಾಳಜಿ ಇನ್ನೊಂದು ಥರ ನೆನಪಾಗುತ್ತೆ.

ಹನುಮಂತನಗರದ ಅಪ್ಪ | ಸೋಮವಾರ, 14 ಫೆಬ್ರವರಿ

ಹತ್ತನೇ ತರಗತಿವರೆಗಿನ ಹೈಸ್ಕೂಲು ಇವತ್ತು ತೆರೀತು, ಮಗ ಹೋದ. ಗೇಟಿನ ಹತ್ತಿರ ಪೊಲೀಸರು ನಿಂತಿದ್ದರಂತೆ. ಮಗಳ ಸೆಕ್ಷನ್ನೂ ಶುರು, ಇವಳು ಗುರುವಾರದಿಂದ ಹೋಗಬಹುದು. ಆದರೆ ಈಗ ಶಾಲೆಯಿಂದ ಹೊಸ ಮೆಸೇಜು, ಪಾಸಿಟಿವ್ ಆಗಿದ್ದವರು ನೆಗೆಟಿವ್ ಆರ್‌ಟಿಪಿಸಿಆರ್ ತಂದರೆ ಮಾತ್ರ ಒಳಗೆ. ಇದು ಸರಿಯಾ? ಮತ್ತೆ ಆ ಕಡ್ಡಿ ಮೂಗಿಗೆ ಅಂದರೆ ಮನೆ ಬಿಟ್ಟು ಓಡಿಹೋಗ್ತೀನಿ ಅಂತಿದ್ದಾಳೆ.

ಬನಶಂಕರಿ ಮಕ್ಕಳ ಡಾಕ್ಟ್ರು | ಸೋಮವಾರ ಮಧ್ಯಾಹ್ನ

ಸರಿಯಲ್ಲ. ಹೋಮ್ ಐಸೋಲೇಷನ್ ಮುಗಿದ ಮೇಲೆ ಮರುಪರೀಕ್ಷೆ ಬೇಕಿಲ್ಲ ಅಂತ ಜನವರಿ 5ರ ಕೇಂದ್ರದ ಮಾರ್ಗಸೂಚಿಯಲ್ಲೇ ಇದೆ. ಹುಷಾರಾದ ಮೇಲೂ ಕೆಲವರಿಗೆ ವಾರಗಟ್ಟಲೆ ಆರ್‌ಟಿಪಿಸಿಆರ್ ಪಾಸಿಟಿವ್ ತೋರಿಸ್ತಾ ಇರುತ್ತೆ, ಸತ್ತ ವೈರಸ್ಸಿನ ಚೂರುಗಳನ್ನೂ ಅದು ಹಿಡಿಯುತ್ತೆ. ಸುಮ್ಮನೆ ಮಗು ಇನ್ನೂ ಹದಿನೈದು ದಿನ ಮನೆಯಲ್ಲಿ ಕೂರಬೇಕಾಗುತ್ತೆ.

ಸರ್ಕಾರಿ ಶಾಲೆ ಟೀಚರ್ | ಸೋಮವಾರ ಸಂಜೆ

ಜಗಳಕ್ಕೆ ಹೋಗಬೇಡಿ, ಹೆದರಿಕೊಂಡಿರೋದು ಅವರೂ. ಒಂದು ಹಾಳೆಯಲ್ಲಿ ಸ್ವ್ಯಾಬ್ ಕೊಟ್ಟ ದಿನಾಂಕ, ಎಸ್‌ಆರ್‌ಎಫ್ ಐಡಿ (ಟೆಸ್ಟಿಗೆ ಕೊಡೋ ನಂಬರು), ಜ್ವರ ಬಿಟ್ಟ ದಿನ ಬರೆದು, ಡಾಕ್ಟರ ಹತ್ತಿರ "ಶಾಲೆಗೆ ಹೋಗಬಹುದು" ಅಂತ ಒಂದು ಸಾಲು ಬರೆಸಿ ಸೀಲು ಹಾಕಿಸಿ. ಜನವರಿ 5ರ ಮಾರ್ಗಸೂಚಿಯ ಆ ಪುಟ ಪ್ರಿಂಟ್ ತೆಗೆದು ಹಿಂದೆ ಪಿನ್ ಮಾಡಿ. ಪ್ರಿನ್ಸಿಪಾಲರಿಗೂ ಫೈಲಿಗೆ ಹಾಕಿಕೊಳ್ಳೋಕೆ ಒಂದು ಕಾಗದ ಬೇಕು ಅಷ್ಟೆ.

ಲಗ್ಗೆರೆ ಲಕ್ಷ್ಮಿ | ಸೋಮವಾರ ರಾತ್ರಿ

ಟೀಚರ್, ಆ ಲೆಟರು ನಮ್ಮ ಪಿಎಚ್‌ಸೀಲಿ ಬರೆದುಕೊಡ್ತಾರಾ? ಫ್ಯಾಕ್ಟ್ರೀಲಿ ನಮ್ಮ ಲೈನಿನ ಹುಡುಗಿಗೂ ಹಿಂಗೇ ನೆಗೆಟಿವ್ ತಾ ಅಂತ ವಾಪಸ್ ಕಳಿಸಿದ್ದಾರೆ. ಒಂದು ವಾರದ ಸಂಬಳ ಹೋಗಿದೆ.

ಸರ್ಕಾರಿ ಶಾಲೆ ಟೀಚರ್ | ಸೋಮವಾರ ರಾತ್ರಿ

ಮೆಡಿಕಲ್ ಆಫೀಸರನ್ನೇ ಕೇಳಲಿ, ದುಡ್ಡು ಕೊಡಬೇಕಿಲ್ಲ. ಆಧಾರ್, ಪಾಸಿಟಿವ್ ಬಂದ ಮೆಸೇಜು ಎರಡೂ ಇರಲಿ. ಹನ್ನೊಂದು ಗಂಟೆ ಒಳಗೆ ಹೋದ್ರೆ ಒಳ್ಳೇದು, ಆಮೇಲೆ ಲಸಿಕೆ ಸಾಲು ಉದ್ದ ಆಗುತ್ತೆ. ಕೊಡಲ್ಲ ಅಂದ್ರೆ ಇಲ್ಲೇ ಬರೆಯಿರಿ, ಡಾಕ್ಟ್ರನ್ನ ಕೇಳೋಣ.

ಬನಶಂಕರಿ ಮಕ್ಕಳ ಡಾಕ್ಟ್ರು | ಸೋಮವಾರ ರಾತ್ರಿ

ಕೊಡದಿದ್ದರೆ ನನಗೆ ಇಲ್ಲೇ ಖಾಸಗಿ ಮೆಸೇಜ್ ಹಾಕಿ. ದೊಡ್ಡವರನ್ನ ನಾನು ನೋಡಲ್ಲ, ಆದರೆ ಪಕ್ಕದ ರೂಮಿನಲ್ಲೇ ಕೂರೋರು ನೋಡ್ತಾರೆ.